ನಾಯಿ ‘ಹಲ್ಲು ಕಿರಿಯುವುದು’ ಮತ್ತು ‘ಹಲ್ಲು ಗಿಂಜುವುದು’: ಬೇರೆ ಬೇರೆಯಾಗಿ ಬಳಸಬಹುದೇ?

ಪದಬಲ್ಲ ಮಿತ್ರರಿಗೆ ನಮಸ್ಕಾರ.

ನಾಯಿಯ ಮುಖಭಾವಗಳನ್ನು ಮಕ್ಕಳಿಗೆ ತಿಳಿಸುವ ಕೈಪಿಡಿಯೊಂದನ್ನು ಬರೆಯುವಾಗ ‘ಹಲ್ಲು ಕಿರಿ’ ಎಂಬ ಮಾತಿನಲ್ಲಿ ತೊಡಕಾಗಿದೆ. ಎದುರಿನವರನ್ನು ಬೆದರಿಸಿ ದೂರವಿಡಬೇಕಾದಾಗ ನಾಯಿಯ ಮೂತಿಯ ಮೇಲ್ಭಾಗ ಸುಕ್ಕುಗಟ್ಟುತ್ತದೆ, ಮೇಲ್ದುಟಿ ಎತ್ತಿಕೊಂಡು ಕೋರೆಹಲ್ಲು ಕಾಣುತ್ತದೆ, ಬಾಯಿಯ ಅಂಚು ಮುಂದಕ್ಕೆ ಸರಿದು ನೋಟ ನೆಟ್ಟಗಾಗುತ್ತದೆ. ಆದರೆ ಕೆಲವು ನಾಯಿಗಳು ಅಂಜಿ ಶರಣಾಗುವಾಗಲೂ ಹಲ್ಲು ತೋರಿಸುತ್ತವೆ. ಆಗ ಬಾಯಿಯ ಅಂಚು ಹಿಂದಕ್ಕೆ ಎಳೆದಿರುತ್ತದೆ, ಕಿವಿಗಳು ತಲೆಗೆ ಒತ್ತಿಕೊಂಡಿರುತ್ತವೆ, ಕಣ್ಣು ಕಿರಿದಾಗಿ ಮೈ ತಗ್ಗಿರುತ್ತದೆ.

ಬರವಣಿಗೆಯಲ್ಲಿ ಎರಡಕ್ಕೂ ‘ಹಲ್ಲು ಕಿರಿಯಿತು’ ಎಂದರೆ ಸಾಕೆನಿಸುತ್ತದೆ. ಮನುಷ್ಯರ ವಿಷಯದಲ್ಲಿ ಆ ಮಾತು ನಗೆಯನ್ನೂ ಸೂಚಿಸುವುದರಿಂದ, ಬೆದರಿಸುತ್ತಿರುವ ನಾಯಿಯನ್ನು ಮಗು ನಗುವ ನಾಯಿಯೆಂದು ತಿಳಿದು ಕೈಚಾಚಿದರೆ ಕಡಿತ ತಪ್ಪದು. ಶರಣಾಗತಿಯ ಭಾವಕ್ಕೆ ‘ಹಲ್ಲು ಗಿಂಜು’ ಹೇಳಿಮಾಡಿಸಿದಂತಿದೆ ಎಂಬುದು ನನ್ನ ಎಣಿಕೆ. ದೈನ್ಯದಿಂದ ಬೇಡಿಕೊಳ್ಳುವವರನ್ನು ಕುರಿತು ಆಡುವ ಮಾತಾದ್ದರಿಂದ ತಗ್ಗಿ ನಡೆಯುವ ಅರ್ಥ ಅದರಲ್ಲಿ ಆಗಲೇ ಇದೆ. ಜೊತೆಗೆ ಅಂಟಿಕೊಂಡಿರುವ ತಿರಸ್ಕಾರದ ಛಾಯೆ ಮಾತ್ರ ನಾಯಿಗೆ ಸಲ್ಲದು. ಬೆದರಿಕೆಯ ಭಾವಕ್ಕೆ ‘ಹಲ್ಲು ಮಸೆ’ ಹೊಂದುವುದಿಲ್ಲ, ಏಕೆಂದರೆ ಅದು ಹಗೆ ಸಾಧಿಸುವ ಮಾತು. ನಾಯಿ ಹೇಳುತ್ತಿರುವುದು ಬಹುಮಟ್ಟಿಗೆ ‘ಹತ್ತಿರ ಬರಬೇಡ’ ಎಂದಷ್ಟೇ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಸಂದೇಹವಿದೆ. ಚಪ್ಪಲಿ ಕಚ್ಚಿಹಾಕಿದ ನಾಯಿ ಕಿವಿ ಮಡಚಿ, ನೋಟ ತಪ್ಪಿಸಿ ಕುಳಿತರೆ ‘ಕಳ್ಳಮುಖ ಮಾಡಿಕೊಂಡಿದೆ’ ಎನ್ನುವುದುಂಟು. ನಾಯಿಗಳ ನಡವಳಿಕೆಯನ್ನು ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿನ್ನಬಾರದೆಂದ ತಿಂಡಿಯನ್ನು ನಾಯಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ನಂಟು ಕಾಣಲಿಲ್ಲ. ಒಡೆಯರು ಗದರಿದಾಗ ಆ ಮುಖ ಹೆಚ್ಚಾಗಿ ಕಂಡಿತು, ತಿನ್ನದೆಯೂ ಗದರಿಸಿಕೊಂಡ ನಾಯಿಗಳಲ್ಲಿ ಇನ್ನಷ್ಟು ಎದ್ದುಕಂಡಿತು. ಹೀಗಿರುವಾಗ ‘ಕಳ್ಳಮುಖ’ ಎಂದು ಬರೆದು ಮಾಡದ ತಪ್ಪನ್ನು ನಾಯಿಯ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ‘ಅಳುಕುಮೋರೆ’ ಎಂದು ಬರೆದಿದ್ದೇನೆ.

ಬೆದರಿಕೆಯ ಭಾವಕ್ಕೆ ಸದ್ಯ ‘ಕೋರೆ ತೋರು’ ಎಂದಿಟ್ಟುಕೊಂಡಿದ್ದೇನೆ. ಮುಧೋಳ ನಾಯಿಗಳನ್ನು ಸಾಕುವ ಬಾಗಲಕೋಟೆ ಕಡೆಯವರಲ್ಲಿ, ಕುರಿಹಟ್ಟಿಗಳಲ್ಲಿ, ಮಲೆನಾಡಿನ ಮನೆಗಳಲ್ಲಿ ಇದಕ್ಕಿಂತ ಬಳಕೆಯ ಮಾತು ಇದ್ದರೆ, ಆಡುವ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.