ಹಳೆಯ ಇಂಗ್ಲಿಷ್ ಮೃತ್ಯುಪತ್ರದಲ್ಲಿ ಹಿರಿಯ ಮಗನಿಗೆ 12 ಪೆನ್ಸ್ ಮಾತ್ರ ಏಕೆ?

ಪ್ರಶ್ನೆ (ಧಾರವಾಡದಿಂದ)

ಹಿರಿಯರಿಗೆ ನಮಸ್ಕಾರ. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದು, 1600ರ ಆಸುಪಾಸಿನಲ್ಲಿದ್ದ ಒಬ್ಬ ಇಂಗ್ಲಿಷ್ ರೈತನ ಮೃತ್ಯುಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೇನೆ. ಅಕ್ಷರಗಳು ಹೇಗೋ ಕೂಡಿಬಂದವು, ಆದರೆ ಹಣದ ಲೆಕ್ಕ ಬಗೆಹರಿಯುತ್ತಿಲ್ಲ. ಮಗಳಿಗೆ ಬರೆದ ಮೊತ್ತದಲ್ಲಿ ಎರಡು ‘ಐ’, ಒಂದು ‘ಜೆ’, ಅವುಗಳ ತುದಿಗೆ ಸಣ್ಣದಾಗಿ ‘ಎಲ್‌ಐ’, ಆಮೇಲೆ 6 ಶಿಲ್ಲಿಂಗ್ 8 ಪೆನ್ಸ್ ಎಂದಿದೆ. ರೋಮನ್ ಅಂಕಿಗಳಲ್ಲಿ ‘ಎಲ್‌ಐ’ ಎಂದರೆ 51 ಆಗುವುದರಿಂದ ನಾನು ಅಲ್ಲಿಯೇ ನಿಂತುಬಿಟ್ಟಿದ್ದೇನೆ. ಇಂಥ ಚಿಲ್ಲರೆ ಮೊತ್ತವನ್ನು ಮಗಳಿಗೆ ಯಾರಾದರೂ ಬರೆದಿಡುವರೇ? ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ಹಿರಿಯ ಮಗನ ಪಾಲು. ಅವನಿಗೆ ಬರೀ 12 ಪೆನ್ಸ್ ಇದೆ. ತಂದೆ ಅವನನ್ನು ದೂರ ಮಾಡಿದ್ದನೇ?

ಉತ್ತರ (ಹುಬ್ಬಳ್ಳಿಯಿಂದ, ನಿವೃತ್ತ ವಕೀಲ)

ತಮ್ಮಾ, ಆ ‘ಎಲ್‌ಐ’ ಅಂಕಿಯಲ್ಲ. ಅದು ಲ್ಯಾಟಿನ್ನಿನ ‘ಲಿಬ್ರಾ’ ಎಂಬುದರ ಮೊಟಕು ರೂಪ, ಅಂದರೆ ಪೌಂಡ್. ‘ಜೆ’ ಎಂದು ಕಂಡದ್ದು ಬಾಲ ಎಳೆದು ಬರೆದ ಕೊನೆಯ ‘ಐ’. ಆದ್ದರಿಂದ ಮೊತ್ತ 3 ಪೌಂಡ್ 6 ಶಿಲ್ಲಿಂಗ್ 8 ಪೆನ್ಸ್ ಆಯಿತು. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್ ಎಂದು ಬಿಡಿಸಿದರೆ ಸರಿಯಾಗಿ 800 ಪೆನ್ಸ್. ಆ ಕಾಲದ ಜನ ಪೌಂಡಿನ ಜೊತೆಗೆ ‘ಮಾರ್ಕ್’ ಎಂಬ ಲೆಕ್ಕವನ್ನೂ ಬಳಸುತ್ತಿದ್ದರು. ಒಂದು ಮಾರ್ಕ್ ಎಂದರೆ 13 ಶಿಲ್ಲಿಂಗ್ 4 ಪೆನ್ಸ್, ಅಂದರೆ 160 ಪೆನ್ಸ್. ನೀನು ಚಿಲ್ಲರೆ ಎಂದುಕೊಂಡದ್ದು ತಂದೆಯ ಲೆಕ್ಕದಲ್ಲಿ ದುಂಡಗಿನ 5 ಮಾರ್ಕ್.

ಉತ್ತರ (ಗದಗದಿಂದ)

ವಕೀಲರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ ಮಾರ್ಕ್ ಎಂಬ ನಾಣ್ಯ ಇರಲೇ ಇಲ್ಲ, ಅದು ಲೆಕ್ಕದಲ್ಲಿ ಮಾತ್ರ ಇತ್ತು. ಇದು ವಿಚಿತ್ರವೆನಿಸಿದರೆ ನಮ್ಮ ಬಾರಾಣೆಯನ್ನು ನೆನೆಯಿರಿ: ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲದಲ್ಲಿಯೂ 12 ಆಣೆಯ ಒಂದೇ ನಾಣ್ಯ ಇರಲಿಲ್ಲ, ಆದರೂ ಅಡತಿ ಅಂಗಡಿಯಲ್ಲಿ ನಮ್ಮ ಅಜ್ಜ ಬಾಯಿಲೆಕ್ಕದಲ್ಲಿ ಬಾರಾಣೆ ಎಂದೇ ಕೂಗುತ್ತಿದ್ದರು. 1957ರಲ್ಲಿ ನಯಾಪೈಸೆ ಬಂದ ಮೇಲೂ ಆ ಮಾತು ಅವರ ಬಾಯಿಂದ ಹೋಗಲಿಲ್ಲ. ಇನ್ನು ಈ ಮೊತ್ತವನ್ನು ಇಂದಿನ ರೂಪಾಯಿಗೆ ಗುಣಿಸಲು ದಯವಿಟ್ಟು ಹೋಗಬೇಡಿ, ಕೂಲಿಯಿಂದ ಅಳೆಯಿರಿ. 1600ರ ಸುಮಾರಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಕಟ್ಟಡದ ಕೂಲಿಯವನಿಗೆ ದಿನಕ್ಕೆ ಸುಮಾರು 8 ಪೆನ್ಸ್, ಗವಂಡಿಯಂಥ ಕಸಬುದಾರನಿಗೆ ಸುಮಾರು 12 ಪೆನ್ಸ್ ಸಿಗುತ್ತಿತ್ತು. ಹಾಗೆ ನೋಡಿದರೆ ಮಗಳಿಗೆ ದೊರೆತದ್ದು ಒಬ್ಬ ಕೂಲಿಯವನ 100 ದಿನಗಳ ದುಡಿಮೆ.

ಉತ್ತರ (ಹಾವೇರಿಯಿಂದ, ನಿವೃತ್ತ ಶಿಕ್ಷಕಿ)

ಹಿರಿಯ ಮಗನ ಬಗ್ಗೆ ಆತುರದ ತೀರ್ಮಾನ ಬೇಡ. ಮಗನನ್ನು ಆಸ್ತಿಯಿಂದ ಹೊರಗಿಡಬೇಕಾದರೆ ಒಂದು ಶಿಲ್ಲಿಂಗ್ ಆದರೂ ಬರೆಯಲೇಬೇಕು ಎಂಬ ನಂಬಿಕೆ ಇಂಗ್ಲೆಂಡಿನಲ್ಲಿ ಬಹಳ ಕಾಲ ಇತ್ತು. ಅದಕ್ಕೆ ಕಾನೂನಿನ ಆಧಾರವಿಲ್ಲವೆಂದು 18ನೇ ಶತಮಾನದ ನ್ಯಾಯಪಂಡಿತ ವಿಲಿಯಂ ಬ್ಲಾಕ್‌ಸ್ಟೋನ್ ಸ್ಪಷ್ಟಪಡಿಸಿದರು. ಅಲ್ಲಿನ ಸಾಮಾನ್ಯ ಕಾನೂನಿನಂತೆ, ತಂದೆ ಬೇರೆ ರೀತಿ ಬರೆಯದಿದ್ದರೆ ಭೂಮಿ ಹಿರಿಯ ಮಗನಿಗೆ ತಾನಾಗಿಯೇ ಹೋಗುತ್ತಿತ್ತು. ತಂದೆ ಬದುಕಿರುವಾಗಲೇ, ಅದರಲ್ಲೂ ಮದುವೆಯ ಸಮಯದಲ್ಲಿ, ಮಗನಿಗೆ ಪಾಲು ಕೊಟ್ಟುಬಿಡುವುದೂ ಇತ್ತು. ನಮ್ಮ ಕಡೆ ವಾಟಣಿ ಪತ್ರ ಆದ ಮೇಲೆ ಬರೆಸಿದ ಮೃತ್ಯುಪತ್ರದಲ್ಲಿ ಬೇರೆಯಾದ ಮಗನ ಹೆಸರು ಬರೀ ನೆಪಕ್ಕೆ ಬಂದಿದ್ದರೆ, ಅವನನ್ನು ತಂದೆ ಹೊರಹಾಕಿದನೆಂದು ನಾವು ಓದುವುದಿಲ್ಲ. ಹಣದ ಸಾಲುಗಳನ್ನು ಬಿಟ್ಟು ಹೊಲ, ಮನೆ, ದನಕರುಗಳ ಸಾಲುಗಳನ್ನು ಮತ್ತೊಮ್ಮೆ ಓದು.

ಪ್ರಶ್ನೆ ಕೇಳಿದವರಿಂದ

ಅಕ್ಕಾವ್ರೇ, ಈಗ ಓದಿದೆ. ಕಿರಿಯ ಮಗನಿಗೆ ಬರೆದ ಹೊಲದ ಎಲ್ಲೆಯನ್ನು ಗುರುತಿಸುವಾಗ, ಪಕ್ಕದ ಹೊಲವನ್ನು ‘ನನ್ನ ಹಿರಿಯ ಮಗ ಈಗ ಉಳುತ್ತಿರುವ ನನ್ನ ಹೊಲ’ ಎಂದು ತಂದೆಯೇ ಬರೆಸಿದ್ದಾನೆ. ಎಲ್ಲೆಯ ವಿವರವೆಂದು ನಾನು ಅನುವಾದದಲ್ಲಿ ಆ ಸಾಲನ್ನೇ ಬಿಟ್ಟಿದ್ದೆ.