ಎನ್‌ಎಸ್‌ಎಸ್ ಓರಿಯಂಟೇಶನ್‌ಗೆ ಲೀಡರ್ ಆಗು ಅಂತಿದ್ದಾರೆ, ಒಪ್ಪಿಕೊಳ್ಳಲಾ? (ತುಮಕೂರು)

ಕೊರಟಗೆರೆ ಹುಡುಗಿ:
ತುಮಕೂರಿನಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಎನ್‌ಎಸ್‌ಎಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆ) ಹೊಸದಾಗಿ ಸೇರಿದ ಸ್ವಯಂಸೇವಕರ ಓರಿಯಂಟೇಶನ್‌ಗೆ ವಿದ್ಯಾರ್ಥಿ ಲೀಡರ್ ಆಗು ಅಂತ ಪಿಓ (ಪ್ರೋಗ್ರಾಂ ಆಫೀಸರ್) ಸರ್ ಕೇಳಿದ್ದಾರೆ. ಇಂಟರ್ನಲ್ಸ್ ಹತ್ತಿರ ಬಂದಿದೆ. ದಿನಾ ಊರಿಂದ ಓಡಾಡುತ್ತೇನೆ. ಅಪ್ಪ ಬೇಡ ಅಂತಾರೆ. ಲೀಡರ್ ಆಗಿದ್ದವರು ಅನುಭವ ಹೇಳಿ. ಸೋಮವಾರದೊಳಗೆ ಉತ್ತರ ಕೊಡಬೇಕು.

ಗುಬ್ಬಿಯವನು:
ಮೊದಲು ದುಡ್ಡಿನ ವಿಷಯ ಕೇಳಿ ತಂಗಿ. ನನಗೆ 2,000 ಅಡ್ವಾನ್ಸ್ ಕೊಟ್ಟು ಎಲ್ಲಾ ನೋಡಿಕೋ ಅಂದರು. ಎಂಟಡಿ ಉದ್ದ, ನಾಲ್ಕಡಿ ಅಗಲದ ಫ್ಲೆಕ್ಸ್‌ಗೆ 480. ಮುಖ್ಯ ಅತಿಥಿಯ ಹೆಸರಿನ ಮುಂದೆ 'ಡಾ.' ಇಲ್ಲ ಅಂತ ಮತ್ತೆ ಪ್ರಿಂಟ್ ಹಾಕಿಸಿದರು, ಇನ್ನೊಂದು 480. ಹೆಸರು ಬರೆದುಕೊಟ್ಟವರು ಆಫೀಸಿನವರೇ! ಪಲಾವ್ ತಟ್ಟೆಗೆ 40ರಂತೆ 100 ಜನಕ್ಕೆ 4,000. ಶಾಲು, ಹಾರ, ಹಣ್ಣಿನ ಬುಟ್ಟಿ 750. ಟೀ, ಬಿಸ್ಕತ್ತು 1,100. ಒಟ್ಟು 6,810. ಅಡ್ವಾನ್ಸ್ ಕಳೆದು 4,810 ನನ್ನ ಕೈಯಿಂದ ಹೋಯಿತು. ಬಿಲ್ ಕೊಟ್ಟರೆ ಹೋಟೆಲ್‌ನದು ಜಿಎಸ್‌ಟಿ ಬಿಲ್ ಅಲ್ಲ ಅಂತ ವಾಪಸ್ ಮಾಡಿದರು. ಬಸ್ ಸ್ಟ್ಯಾಂಡ್ ಪಕ್ಕದ ಸಣ್ಣ ಹೋಟೆಲ್‌ನವರು ಜಿಎಸ್‌ಟಿ ಬಿಲ್ ಎಲ್ಲಿಂದ ತರಬೇಕು? ನನ್ನ ಡಿಗ್ರಿಯೇ ಮುಗಿಯಿತು, ಪಲಾವ್ ದುಡ್ಡು ಇವತ್ತಿಗೂ ಬಂದಿಲ್ಲ. ಅದು ನಮ್ಮಮ್ಮ ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡು.

ಪಾವಗಡದಕ್ಕ:
ಬರೀ ದುಡ್ಡಿನ ಮಾತೇ ಆಯಿತು. ಕೆಲಸದ ಮಾತೂ ಆಡೋಣ. ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಜಿಲ್ಲೆಗೆಲ್ಲಾ ಗೊತ್ತು. ನಾನು ಲೀಡರ್ ಆದ ವರ್ಷ ಭಾಷಣ, ಹಾರ, ಶಾಲು ಯಾವುದೂ ಬೇಡ ಅಂದೆ. ಹೊಸಬರನ್ನು ನೇರವಾಗಿ ಹಳ್ಳಿಗೆ ಕರೆದುಕೊಂಡು ಹೋದೆ. ಮನೆಗೆ ಇಬ್ಬರಂತೆ ಕಳಿಸಿದೆ. ಕುಡಿಯಲು ಯಾವ ನೀರು, ಅಡುಗೆಗೆ ಯಾವ ನೀರು, ಶುದ್ಧ ನೀರಿನ ಘಟಕ ಕೆಟ್ಟರೆ ಏನು ಮಾಡುತ್ತೀರಿ, ಇಷ್ಟೇ ಕೇಳಿ ಅಂದೆ. ಕುಡಿಯಲು ಘಟಕದಿಂದ ಕ್ಯಾನ್ ತರುವ ಮನೆಯವರೂ ಸಾರಿಗೆ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರು. ಕುದಿಸಿದರೆ ಫ್ಲೋರೈಡ್ ಹೋಗಲ್ಲ ಅನ್ನೋದು ನಮ್ಮ ಸೈನ್ಸ್ ಹುಡುಗರಿಗೇ ಗೊತ್ತಿರಲಿಲ್ಲ. ಮಂಡಿ ಹಿಡಿದು ಏಳಲಾಗದ ಒಬ್ಬ ಅಜ್ಜಿ, "ವರ್ಷಾ ವರ್ಷಾ ಬರ್ತೀರ, ಬರ್ಕೊಂಡು ಹೋಗ್ತೀರ, ಆಮೇಲೆ ಮುಖ ತೋರ್ಸಲ್ಲ" ಅಂದರು. ಕಾಲೇಜಿನವರಿಗೆ ಮೇನ್ ರೋಡ್ ಪಕ್ಕದ ಊರು ಬೇಕಿತ್ತು. ನಾನು ಹಠ ಹಿಡಿದು ಏಳು ದಿನದ ವಿಶೇಷ ಶಿಬಿರವನ್ನು ಅದೇ ಊರಿನಲ್ಲಿ ಮಾಡಿಸಿದೆ. ಧೈರ್ಯವಾಗಿ ಒಪ್ಪಿಕೋ ತಂಗಿ.

ತಿಪಟೂರಿನವನು:
ಅಕ್ಕ, ಹಳ್ಳಿ ಸುತ್ತಿಸಿದರೆ ಓರಿಯಂಟೇಶನ್ ಮುಗೀತಾ? ಸ್ವಯಂಸೇವಕರು ವರ್ಷಕ್ಕೆ ಮಾಡಬೇಕಾದ 120 ಗಂಟೆಯಲ್ಲಿ ಅದಕ್ಕೇ ಅಂತ 20 ಗಂಟೆ ಇಟ್ಟಿದ್ದಾರೆ. ಆ ಲೆಕ್ಕ ಯಾರು ಬರೆಯುತ್ತಾರೆ ಅನ್ನೋದು ಮುಖ್ಯ. ಹಾಜರಿ ಪುಸ್ತಕ ನಾನೇ ಬರೆಯುತ್ತಿದ್ದೆ. ಮಳೆ ಬಂದು ಶ್ರಮದಾನ ಅರ್ಧಕ್ಕೆ ನಿಂತ ದಿನವೂ ಎಲ್ಲರ ಗಂಟೆ ಸರಿಯಾಗಿ ಹಾಕಿದೆ. ಎರಡು ವರ್ಷ ಆದಮೇಲೆ, ಓರಿಯಂಟೇಶನ್‌ನ ತಯಾರಿ ಗಂಟೆ ಲೀಡರ್ ಲೆಕ್ಕಕ್ಕೆ ಸೇರಲ್ಲ ಅಂದರು. 240 ಆಗಬೇಕಿದ್ದದ್ದು 226 ಆಯಿತು. ಹದಿನಾಲ್ಕು ಗಂಟೆಗೆ ಸರ್ಟಿಫಿಕೇಟ್ ಹೋಯಿತು. ಶಿಬಿರದಲ್ಲಿ ಗುದ್ದಲಿ ಮುಟ್ಟದೆ ಫೋಟೊಗೆ ನಿಂತವರಿಗೆಲ್ಲಾ ಸಿಕ್ಕಿತು.

ಶಿರಾ ಕೆಡೆಟ್:
ಎನ್‌ಸಿಸಿ ಸೇರಿದ್ದರೆ ಈ ಗೋಳೇ ಇರುತ್ತಿರಲಿಲ್ಲ. 'ಸಿ' ಸರ್ಟಿಫಿಕೇಟ್ ಇದ್ದರೆ ಸೇನೆ ಭರ್ತಿಯಲ್ಲಿ ಲೆಕ್ಕಕ್ಕೆ ಬರುತ್ತದೆ.

ತಿಪಟೂರಿನವನು:
ಸ್ವಾಮಿ, ಇಲ್ಲಿ ಎನ್‌ಸಿಸಿ ಬಗ್ಗೆ ಕೇಳಿದವರು ಯಾರು? ನಾನು ನೌಕರಿಗೋಸ್ಕರ ಸೇರಿದವನಲ್ಲ. ದುಡಿದ ಗಂಟೆಯನ್ನು ಬರೆದುಕೊಡಿ ಅಂತ ಕೇಳಿದ್ದು ತಪ್ಪಾ?

ಗುಬ್ಬಿಯವನು:
ಪಾವಗಡದಕ್ಕ, ನಿಮಗೆ ಬಸ್ ಫ್ರೀ. ಗುಬ್ಬಿಯಿಂದ ಬರುವ ಹುಡುಗ ದಿನಾ ಟಿಕೆಟ್ ತೆಗೆಯಬೇಕು. ಖರ್ಚಿನ ಸಂಕಟ ನಿಮಗೆ ಗೊತ್ತಾಗಲ್ಲ.

ಪಾವಗಡದಕ್ಕ:
ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ. ನನ್ನ ಡಿಗ್ರಿ ಅದಕ್ಕೂ ಮೊದಲೇ ಮುಗಿದಿತ್ತು. ಈಗಲೂ ಪ್ರೈವೇಟ್ ಬಸ್‌ನಲ್ಲಿ ಹೆಂಗಸರು ದುಡ್ಡು ಕೊಟ್ಟೇ ಹೋಗಬೇಕು. ಮಧುಗಿರಿ ಆಚೆಗೆ ಬಂದು ನೋಡಿ, ಸಂಜೆ ಯಾವ ಬಸ್ ಸಿಗುತ್ತದೆ ಅಂತ. ಗೊತ್ತಿಲ್ಲದೆ ಸುಮ್ನೆ ಮಾತಾಡಬೇಡಿ.

ಕೊರಟಗೆರೆ ಹುಡುಗಿ:
ಅಣ್ಣ, ಅಕ್ಕ, ಇಂಟರ್ನಲ್ಸ್ ಬಗ್ಗೆ ಯಾರಾದರೂ ಹೇಳ್ತೀರಾ? ಅಪ್ಪನಿಗೆ ಏನು ಹೇಳಲಿ?

ಕ್ಯಾತ್ಸಂದ್ರದವಳು:
ನಾನು ಲೀಡರ್ ಆದಾಗ ನನಗೆ ಕೊಟ್ಟ ಮೊದಲ ಕೆಲಸ ರಂಗೋಲಿ. ಎರಡನೆಯದು ಅತಿಥಿಗಳಿಗೆ ಹೂಗುಚ್ಛ. ಮೈಕ್ ಜೊತೆಗಾರ ಹುಡುಗನಿಗೆ. ದೇವರಾಯನದುರ್ಗದಲ್ಲಿ ಪ್ಲಾಸ್ಟಿಕ್ ಆರಿಸುವ ಕಾರ್ಯಕ್ರಮ ಇತ್ತು. ಕೈಗವಸು, ಚೀಲ, ಕುಡಿಯುವ ನೀರು, ಅರಣ್ಯ ಇಲಾಖೆಯ ಒಪ್ಪಿಗೆ ಎಲ್ಲಾ ಹೊಂದಿಸಿದ್ದು ನಾನು. ಕೋತಿಗಳು ಊಟದ ಚೀಲಕ್ಕೆ ಕೈ ಹಾಕಿದಾಗ ಹೊಸ ಹುಡುಗಿಯರನ್ನು ಒಂದೆಡೆ ಸೇರಿಸಿ ನಿಂತಿದ್ದೂ ನಾನೇ. ವರದಿಯಲ್ಲಿ ಅವನ ಹೆಸರು ಮೊದಲು ಬಂತು. ಮುಂದಿನ ಕಾರ್ಯಕ್ರಮಕ್ಕೆ ನಾನು ಕಡ್ಡಿ ಮುರಿದಂತೆ ಹೇಳಿದೆ, ನಿರೂಪಣೆ ನನ್ನದು, ರಂಗೋಲಿ ಹುಡುಗರೇ ಹಾಕಲಿ ಅಂತ. ಹಾಕಿದರು. ಚೆನ್ನಾಗಿಯೇ ಹಾಕಿದರು. ಒಪ್ಪುವ ಮೊದಲು ಮೈಕ್ ಯಾರ ಕೈಯಲ್ಲಿ ಅಂತ ಕೇಳಿಬಿಡಿ.

ಗುಬ್ಬಿಯವನು:
ಮೈಕ್ ಸಿಕ್ಕರೆ ಸಾಕಾ? ಮೈಕ್ ಸೆಟ್ ಬಾಡಿಗೆ ಯಾರು ಕೊಟ್ಟರು ಹೇಳಿ.

ಪಾವಗಡದಕ್ಕ:
ಶಾಲು, ಹಾರ ಬೇಡ ಅನ್ನುವ ಧೈರ್ಯ ಲೀಡರ್‌ಗೆ ಇರಬೇಕು. ನಿಮ್ಮ 750 ಅಲ್ಲೇ ಉಳಿಯುತ್ತಿತ್ತು.

ಗುಬ್ಬಿಯವನು:
ಧೈರ್ಯದ ಪಾಠ ನನಗೆ ಬೇಡ ಅಕ್ಕ. ಅತಿಥಿಯನ್ನು ಕರೆದದ್ದು ಪ್ರಿನ್ಸಿಪಾಲರು. ಶಾಲು ಇಲ್ಲದೆ ಕಳಿಸಿದ್ದರೆ ಬೈಸಿಕೊಳ್ಳುತ್ತಿದ್ದದ್ದು ನೀವಾ, ನಾನಾ? ನನ್ನ ಜಾಗದಲ್ಲಿ ನಿಂತು ಹೇಳಿ.