ಒಂದೇ ಹೊಲದ ಎರೆ ಮಣ್ಣು, ಎರಡು ಲ್ಯಾಬ್, ಎರಡು ಲೆಕ್ಕ. ಯಾವುದನ್ನು ನಂಬೋದು?

ಎರೆಹೊಲ_ಬಾಗೇವಾಡಿ:
ಬಸವನ ಬಾಗೇವಾಡಿ ಕಡೆ ನಮ್ಮ ಹೊಲ, ಪೂರ್ತಿ ಎರೆ, ಅಂದರೆ ಕಪ್ಪು ಮಣ್ಣು. ಡ್ರಿಪ್ ಹಾಕಿಸೋಕೆ ಅಂತ ಮಣ್ಣು ಪರೀಕ್ಷೆ ಮಾಡಿಸಿದೆ. ಒಂದೇ ಮಣ್ಣನ್ನು ಚೆನ್ನಾಗಿ ಕಲಸಿ, ಎರಡು ಚೀಲ ಮಾಡಿ, ಎರಡು ಕಡೆ ಕೊಟ್ಟಿದ್ದೆ. ಒಬ್ಬರು ನೂರಕ್ಕೆ ಜೇಡಿ 56, ಸಿಲ್ಟ್ (ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣ) 26, ಮರಳು 18 ಅಂತ ಬರೆದಿದ್ದಾರೆ. ಇನ್ನೊಬ್ಬರದು ಜೇಡಿ 38, ಸಿಲ್ಟ್ 26, ಮರಳು 36. ಇಬ್ಬರದೂ ಹೈಡ್ರೋಮೀಟರ್, ಅಂದರೆ ಮಣ್ಣು ಕಲಸಿದ ನೀರಲ್ಲಿ ತೇಲಿಬಿಟ್ಟು ಇನ್ನೂ ತಳಕ್ಕೆ ಇಳಿಯದ ಮಣ್ಣು ಎಷ್ಟು ಗ್ರಾಂ ಅಂತ ಅಳೆಯೋದು. ಮಳೆ ಬಿದ್ದರೆ ಕಾಲು ಎತ್ತೋಕೆ ಬಿಡದ ಮಣ್ಣಲ್ಲಿ ಇಷ್ಟು ಮರಳು ಎಲ್ಲಿಂದ ಬಂತು ಹೇಳ್ರೀ?

ಕೃಷ್ಣಾ_ದಂಡೆ:
ಎಲ್ಲಿಂದಲೂ ಬಂದಿಲ್ಲ. ಅದು ಬಿಡಿಬಿಡಿಯಾಗದೆ ಗುಂಪಾಗಿ ಉಳಿದ ಜೇಡಿ. 40 ಸೆಕೆಂಡಿನಲ್ಲಿ ತಳಕ್ಕೆ ಇಳಿದಿದ್ದೆಲ್ಲ ಮರಳು ಅಂತಲೇ ಹೈಡ್ರೋಮೀಟರ್ ಲೆಕ್ಕ, ಒಳಗೆ ಏನಿದೆ ಅಂತ ಅದಕ್ಕೇನು ಗೊತ್ತು. ಎರೆ ಮಣ್ಣನ್ನು 5% ಕ್ಯಾಲ್ಗನ್ (ಮಣ್ಣಿನ ಕಣ ಬಿಡಿಸೋ ರಾಸಾಯನಿಕ) ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಆಮೇಲೆ ಮಿಕ್ಸರ್‌ನಲ್ಲಿ ತಿರುಗಿಸಬೇಕು. ಡೋಣಿ ಹೊಳೆ ಬದಿಯ ಹಾಗೆ ಉಪ್ಪಿನ ಮಣ್ಣಾದರೆ ಮೊದಲು ಉಪ್ಪು ತೊಳೆಯಬೇಕು, ಇಲ್ಲಾಂದ್ರೆ ಜೇಡಿ ಮತ್ತೆ ಗುಂಪುಗೂಡಿ ಕೂರುತ್ತದೆ. 38 ಕೊಟ್ಟವರ ಹತ್ತಿರ ತಳದ "ಮರಳು" ಇನ್ನೂ ಇದ್ದರೆ ತಗೊಂಡು ಬೆರಳಲ್ಲಿ ತಿಕ್ಕಿ ನೋಡಿ. ಗರಗರ ಅಂದರೆ ಮರಳು. ಸಾಬೂನಿನ ಹಾಗೆ ಮೆತ್ತಿಕೊಂಡರೆ ಜೇಡಿ.

ಜಮಖಂಡಿಯವ:
ಕುಟ್ಟೋದನ್ನೂ ಕೇಳಿ. ನಮ್ಮ ಕಡೆ ಎರೆಯಲ್ಲಿ ಸುಣ್ಣದ ಹರಳು ಇರುತ್ತವೆ ಅಲ್ವಾ. ಹೆಂಟೆಯನ್ನು ಕಟ್ಟಿಗೆಯಿಂದ ಮೆಲ್ಲಗೆ ಒಡೆದು 2 ಮಿ.ಮೀ. ಜರಡಿ ಹಿಡಿದರೆ ಹರಳು ಮೇಲೆ ಉಳಿಯುತ್ತವೆ, ಅದನ್ನು ಬೇರೆ ತೂಗಬೇಕು. ಕಬ್ಬಿಣದ ಕುಟ್ಟಣಿಗೆ ಹಾಕಿ ಪೂರಾ ಪುಡಿ ಮಾಡಿದರೆ ಹರಳೂ ಜರಡಿ ದಾಟಿ ಮರಳು, ಸಿಲ್ಟ್‌ನಲ್ಲಿ ಸೇರಿಬಿಡುತ್ತದೆ. ಸುಣ್ಣ ಪೂರ್ತಿ ಹೋಗಲಿ ಅಂತ ಆಸಿಡ್ ಹಾಕೋರೂ ಇದ್ದಾರೆ. ನನಗೆ ಅದು ಸರಿ ಅನ್ನಿಸಲ್ಲ, ಬೇರು ಇಳಿಯೋದು ಸುಣ್ಣ ಇರೋ ಮಣ್ಣಿಗೇ.

ಲ್ಯಾಬ್_ಬೆಳಗಾವಿ:
ಇಬ್ಬರು ಹೇಳಿದ್ದೂ ಸರಿ, ಆದರೆ ಸಿಲ್ಟ್ ಎರಡರಲ್ಲೂ 26 ಇರೋದು ನೋಡಿ. ಹೈಡ್ರೋಮೀಟರ್ ಗುರುತು ಹಾಕಿರೋದು 20 ಡಿಗ್ರಿಗೆ. ಅದಕ್ಕಿಂತ ಮೇಲೆ ಒಂದೊಂದು ಡಿಗ್ರಿಗೂ ರೀಡಿಂಗ್‌ಗೆ 0.36 ಕೂಡಿಸಬೇಕು. ಬೇಸಿಗೆಯಲ್ಲಿ ನೀರು 34 ಡಿಗ್ರಿ ಇದ್ದರೆ ಹೆಚ್ಚುಕಡಿಮೆ 5 ಗ್ರಾಂ ಕಮ್ಮಿ ತೋರಿಸುತ್ತದೆ, ಅಂದರೆ 50 ಗ್ರಾಂ ಮಣ್ಣಿಗೆ 10 ಪರ್ಸೆಂಟ್. ಮರಳಿಗೆ 40 ಸೆಕೆಂಡಿಗೆ, ಜೇಡಿಗೆ ತಾಸುಗಟ್ಟಲೆ ಬಿಟ್ಟು ತೆಗೆಯೋ ಎರಡೂ ರೀಡಿಂಗ್‌ನಲ್ಲಿ ಅಷ್ಟೇ ಕಮ್ಮಿ ಆಗೋದರಿಂದ ಜೇಡಿ ಇಳಿದು ಮರಳು ಏರುತ್ತದೆ, ಎರಡರ ನಡುವಿನ ವ್ಯತ್ಯಾಸವೇ ಸಿಲ್ಟ್ ಆದ್ದರಿಂದ ಅದು ಕದಲಲ್ಲ. ಹಾಗಾಗಿ ನಿಮ್ಮ ಜೇಡಿಯ 56ಕ್ಕೂ 38ಕ್ಕೂ ಇರೋ 18ರ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಲಿನದೇ ಇರಬಹುದು. ಮಣ್ಣಿಲ್ಲದೆ ಬರೀ ಕ್ಯಾಲ್ಗನ್ ನೀರಿನ ಒಂದು ಜಾಡಿ ಪಕ್ಕದಲ್ಲಿಟ್ಟು ಅದರ ರೀಡಿಂಗ್ ಕಳೆದರೂ ನಡೆಯುತ್ತದೆ. ಇನ್ನೊಂದು, ಎರೆ ಮಣ್ಣು ನೆರಳಲ್ಲಿ ಒಣಗಿದರೂ ಒಳಗೆ ನೀರು ಇಟ್ಟುಕೊಂಡಿರುತ್ತದೆ. ಒಂದು ಚಿಟಿಕೆ ಬೇರೆ ತೆಗೆದು 105 ಡಿಗ್ರಿಯಲ್ಲಿ ಒಣಗಿಸಿ, ನೀರು ಎಷ್ಟಿತ್ತು ನೋಡಿ, ಅದನ್ನು ತೂಕದಲ್ಲಿ ಕಳೆಯಬೇಕು. ಪರೀಕ್ಷೆಯ ಮಣ್ಣನ್ನೇ ಓವನ್‌ಗೆ ಹಾಕಬಾರದು, ಹೆಂಟೆ ಗಟ್ಟಿಯಾಗಿ ಮತ್ತೆ ಬಿಡಿಯಾಗಲ್ಲ.

ಎರೆಹೊಲ_ಬಾಗೇವಾಡಿ:
38 ಕೊಟ್ಟವರಿಗೆ ಫೋನ್ ಮಾಡಿ ಕೇಳಿದೆ ರೀ. ನೆನೆಸಿದ್ದು ಒಂದು ತಾಸು ಅಂತೆ. ನೀರಿನ ಡಿಗ್ರಿ ಬರೆದಿಟ್ಟಿಲ್ಲ ಅಂದರು. ಡ್ರಿಪ್‌ನವರಿಗೆ 56ರ ರಿಪೋರ್ಟನ್ನೇ ಕೊಡ್ತೀನಿ.